ಕಂಬಳಿ ಹಾಸಿದ ಕಾರು

ಮೂಡಲಗಿಯ ದನದ ಸಂತೆಯಲ್ಲಿ ಎತ್ತು ಕೊಳ್ಳುವಾಗ ಯಮನವ್ವ ಮೊದಲು ಎತ್ತನ್ನು ನೋಡುತ್ತಿರಲಿಲ್ಲ, ಮಾರುವವನನ್ನು ನೋಡುತ್ತಿದ್ದರು. ಅವನು ಎತ್ತಿನ ಯಾವ ಬದಿಗೆ ನಿಂತಿದ್ದಾನೆ, ಯಾವ ಕಾಲನ್ನು ಮರೆಮಾಡಿಕೊಂಡು ನಿಂತಿದ್ದಾನೆ ಎಂಬುದನ್ನು ಕಂಡುಕೊಂಡು ಆಮೇಲೆ ಸುತ್ತು ಹಾಕುತ್ತಿದ್ದರು. ಹಲ್ಲು, ಸುಳಿ, ಗೊರಸು ಎಲ್ಲ ನೋಡಿಯಾದ ಮೇಲೆ ಕೊನೆಗೆ ಒಂದು ಮಾತು ಹೇಳುತ್ತಿದ್ದರು: "ಮಲಗಿಸಿ ಎಬ್ಬಸ್ರಿ." ನಿಂತ ಎತ್ತು ಮೋಸ ಮಾಡಬಹುದು, ಮಲಗಿ ಏಳುವ ಎತ್ತು ಮಾಡಲಾರದು ಎಂಬುದು ಅವರ ನಂಬಿಕೆ.

ಯಮಕನಮರಡಿಯಲ್ಲಿ ಅವರದು ಬೆಲ್ಲದ ವ್ಯಾಪಾರದ ಮನೆ. ಗಂಡ ತೀರಿಕೊಂಡ ಮೇಲೆ ವ್ಯಾಪಾರ ಮಗ ವೀರಪ್ಪ ಸಾವುಕಾರರ ಕೈಗೆ ಬಂದಿತ್ತು. ಮಗ ಮಾತ್ರ ತಾಯಿಯ ಕೈಯಲ್ಲೇ ಇದ್ದರು. ನಾನು ಅವರ ದನದ ಕೊಟ್ಟಿಗೆಯಲ್ಲಿ ಕಸ ಬಳಿದು, ಸುಗ್ಗಿಯಲ್ಲಿ ಹೊಲಕ್ಕೆ ಹೋಗುತ್ತಿದ್ದೆ. ನಮ್ಮ ಜಿಲ್ಲೆ ಮುಂಬಯಿ ಪ್ರಾಂತ ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ ಯಮನವ್ವನವರ ಸೊಂಟ ಕೈಕೊಟ್ಟಿತು. ಎತ್ತಿನ ಗಾಡಿ ಒಂದು ಕಲ್ಲು ಹತ್ತಿ ಇಳಿದರೆ ಸಾಕು, ಹಲ್ಲು ಕಚ್ಚುತ್ತಿದ್ದರು. ದಡ್ಡಿಯಲ್ಲಿದ್ದ ತಂಗಿ ಕಾಶೆವ್ವನ ಮನೆಗೆ ಹೋಗುವುದೇ ನಿಂತಿತು. ಆಗ ವೀರಪ್ಪ ಸಾವುಕಾರರು ಕಾರು ಕೊಳ್ಳುವ ಮನಸ್ಸು ಮಾಡಿದರು. ಗೋಕಾಕದಲ್ಲಿ ಒಬ್ಬ ಇಂಗ್ಲಿಷ್ ಸಾಹೇಬ ನೌಕರಿ ಮುಗಿಸಿ ತನ್ನ ದೇಶಕ್ಕೆ ಹೊರಟಿದ್ದಾನೆ, ಸಣ್ಣದೊಂದು ಕಾರು ಬಿಟ್ಟು ಹೋಗುತ್ತಿದ್ದಾನೆ, ಸಣ್ಣದಾದರೂ ಒಳಗೆ ಅರಮನೆಯಂತಿದೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು.

ನನ್ನ ಗಂಡ ಉದ್ದಪ್ಪ ಮಹಾಯುದ್ಧದಲ್ಲಿ ದಂಡಿಗೆ ಸೇರಿ ಲಾರಿ ಓಡಿಸಿದವರು. ತಿರುಗಿ ಬಂದ ಮೇಲೆ ಹೆದ್ದಾರಿಯ ಲಾರಿಯೊಂದರ ಮೇಲಿದ್ದರು. ಆ ಮಾಲೀಕ ಲಾರಿ ಮಾರಿಬಿಟ್ಟ. ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದಾಗ ಮುಂಬಯಿ ಬಂದರಿನ ಗೋದಿಯಿಂದ ನನ್ನ ಭಾವ ಲಗಮಪ್ಪ ಹೇಳಿ ಕಳಿಸಿದ್ದ, ಹಡಗಿನ ಸಾಮಾನು ಇಳಿಸುವ ಕೆಲಸ ಇದೆ, ಬಾ ಅಂತ. ಲಗಮಪ್ಪ ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದ. ಹಿಂದಿನ ಸಲ ಬಂದಾಗ ಅವನ ಸ್ವಂತ ಮಗಳು ಬಾಗಿಲ ಹಿಂದೆ ನಿಂತು, "ಯವ್ವಾ, ಯಾವನೋ ಕಾಕಾ ಬಂದಾನ" ಎಂದಿತ್ತು. ಎಲ್ಲರೂ ನಕ್ಕರು. ನನ್ನ ಮಗಳು ಸುಂದ್ರವ್ವ ಆಗಷ್ಟೇ ಗೋಡೆ ಹಿಡಿದು ನಿಲ್ಲುತ್ತಿದ್ದಳು. ನನಗೆ ನಗು ಬರಲಿಲ್ಲ.

"ಕಾರು ತಗೊಂಡ್ರ ಹೊಡಿಯಾಂವ ನೀನ, ಉದ್ದಪ್ಪಾ," ಎಂದಿದ್ದರು ಸಾವುಕಾರರು. "ತಗೊಳ್ಳಲಿಲ್ಲಂದ್ರ ನಿನ್ನ ದಾರಿ ನಿನಗ."

ಮಗಳನ್ನು ನೆರೆಮನೆಯಲ್ಲಿ ಬಿಟ್ಟೆ. ಕಾರು ನೋಡಲು ತಾಯಿ, ಮಗ, ನಾವಿಬ್ಬರು, ನಾಲ್ವರು ಹೊರಟೆವು. ಯಮನವ್ವ ಹೊರಟರೆ ಅವರ ಕಂಬಳಿಯೂ ಹೊರಡಬೇಕು. ಅವರು ಎಲ್ಲಿ ಕೂತರೂ ಆ ಕರಿ ಕಂಬಳಿಯ ಮೇಲೇ. ಅದನ್ನು ಹೊರುವವಳು ನಾನು. ನಮ್ಮ ಕೇರಿಯವರು ಮುಟ್ಟಿದ ಚಾಪೆಯ ಮೇಲೆ ದೊಡ್ಡಮನೆಯವರು ಕೂಡುತ್ತಿರಲಿಲ್ಲ, ಮುಟ್ಟಿದ ತಂಬಿಗೆಯನ್ನು ಬೆಂಕಿಗೆ ಹಿಡಿದು ಒಳಗೆ ಒಯ್ಯುತ್ತಿದ್ದರು. ಕಂಬಳಿಗೆ ಮಾತ್ರ ಮೈಲಿಗೆ ಇಲ್ಲ, ಅದು ಯಾರ ಕೈಯಿಂದ ಬಂದರೂ ಮಡಿಯೇ. ಮುಟ್ಟು ಮೈಲಿಗೆ ಕೂಡದೆಂದು ಸರಕಾರ ಎರಡು ವರ್ಷದ ಹಿಂದೆ ಕಾಯದೆ ಮಾಡಿತ್ತು. ಕಂಬಳಿಯ ಕಾಯದೆ ಅದಕ್ಕಿಂತ ಹಳೆಯದು.

ಹುಕ್ಕೇರಿಯಲ್ಲಿ ಬಸ್ಸು ಬದಲಿಸಿದೆವು. ಕಂಬಳಿ ಹಾಸಿದ ಸೀಟಿನ ಮೇಲೆ ಕೂತ ಯಮನವ್ವ, ಹಿಂದೆ ನಾವು ಇದ್ದೇವೆಂಬುದು ಗೊತ್ತಿದ್ದೇ ಮಗನಿಗೆ ಗಟ್ಟಿಯಾಗಿ ಹೇಳಿದರು: "ಕಾರು ಹೆಂಗೈತಿ ಅಂತ ಉದ್ದಪ್ಪನ್ನ ಕೇಳಬ್ಯಾಡ. ಎತ್ತ ತರುವಾಗ ಹೂಡಾಂವನ್ನ ಕೇಳಬಾರದು. ಅಂವಗ ಎತ್ತ ಬೇಕಾಗಿರತೈತಿ. ಕುಂಟೆತ್ತು ತೋರಸಿದ್ರೂ ಚಲೋ ಐತ್ರಿ ಅಂತಾನ."

"ಮತ್ತ ಯಾರನ್ನ ಕೇಳೂದಬೇ? ನನಗ ಗೊತ್ತಾಗತೈತೇನು, ನಿನಗ ಗೊತ್ತಾಗತೈತೇನು?"

"ನನಗ ಗೊತ್ತಾಗತೈತಿ," ಎಂದರು ಯಮನವ್ವ.

ನಮ್ಮವರು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಮುಖದಲ್ಲಿ ಏನೂ ಇರಲಿಲ್ಲ.

ಬಂಗಲೆಯಲ್ಲಿ ಸಾಹೇಬ ಇರಲಿಲ್ಲ, ಮೊದಲೇ ಮುಂಬಯಿಗೆ ಹೋಗಿದ್ದ. ಕಾರು ಮಾರುವ ಕೆಲಸ ಅವನ ಅಡುಗೆಯವ ರಾಯಪ್ಪನ ಮೇಲೆ ಬಿದ್ದಿತ್ತು. ರಾಯಪ್ಪ ಸಾಹೇಬನ ಹಳೆಯ ಕೋಟು ಹಾಕಿಕೊಂಡು ಕಾರಿನ ಮುಂದೆ ಕೈಕಟ್ಟಿ ನಿಂತಿದ್ದ. ಕಡುಹಸಿರು ಬಣ್ಣದ ಕಾರು. ಮೂತಿಯ ಮೇಲೆ ಬೆಳ್ಳಿಯಂತೆ ಹೊಳೆಯುವ ಜಾಳಿಗೆ. ಒಳಗೆ ಕೈಯಲ್ಲಿ ಹಿಡಿದು ತಿರುಗಿಸುವ ಚಕ್ರದ ಹಿಂದೆ ಸಾಗವಾನಿಯಂಥ ಕಟ್ಟಿಗೆಯ ಹಲಗೆ, ಅದರಲ್ಲಿ ಅಂಗೈಯಷ್ಟು ಗಡಿಯಾರ. ನಾನು ಅಂಥದ್ದನ್ನು ನೋಡಿದ್ದು ಅದೇ ಮೊದಲು. ಅಷ್ಟು ಸಣ್ಣ ಗಾಡಿಯಲ್ಲಿ ಅಷ್ಟೊಂದು ಶೃಂಗಾರ ತುಂಬಿದ್ದರು.

"ನೋಡ್ರಿ ಸಾವ್ಕಾರ್ರ, ಇದು ಹೆಚ್ಚ ಓಡೇ ಇಲ್ಲ," ಎಂದು ರಾಯಪ್ಪ ಶುರುಮಾಡಿದ. "ಬಾಯಿಸಾಹೇಬ್ರು ಐತವಾರಕ್ಕೊಮ್ಮಿ ಪ್ರಾರ್ಥನಾಕ್ಕ ಹೋಗತಿದ್ರು, ಬರತಿದ್ರು. ಅಷ್ಟ. ಉಳಿದ ದಿನ ನಾ ಒರಸೂದು, ಇದು ನಿಂದರೂದು."

ಯಮನವ್ವ ಕಾರು ನೋಡಲಿಲ್ಲ. ರಾಯಪ್ಪನನ್ನು ನೋಡಿದರು. ಅವನು ಕಾರಿನ ಮೂತಿಯ ಮುಂದಿನಿಂದ ಕದಲುತ್ತಿರಲಿಲ್ಲ. ಅವರು ಕೋಲೂರಿಕೊಂಡು ಅವನ ಬಾಜೂಕ್ಕೆ ಹೋಗಿ, ಮುಂಭಾಗದ ತಗಡಿನ ಮೇಲೆ ಅಂಗೈ ಇಟ್ಟರು.

"ಬೆಚ್ಚಗ ಐತೆಲ್ಲೋ."

"ಬಿಸಲ್ರಿ ಅವ್ವಾರ."

"ಮರದ ನೆರಳಾಗ ನಿಲ್ಲಿಸಿ, ಬಿಸಲ ಅಂತಿ? ಸಂತ್ಯಾಗ ಎತ್ತಿಗೆ ಮುಂಜಾನೆ ಬೆಲ್ಲಾ ಸೆರಿ ಕುಡಿಸಿ ನಿಲ್ಲಸ್ತಾರ, ಹಂಗ ಮಾಡಿದಿ ನೀ. ಇದನ್ನ ಎಬ್ಬಿಸಿ ಓಡಾಡಿಸಿ ನಿಲ್ಲಿಸಿದಿ. ಇದು ಮಲಗಿ ಏಳೂದನ್ನ ನಾ ನೋಡಬೇಕು."

ರಾಯಪ್ಪ ನಕ್ಕುಬಿಟ್ಟ. "ನೀವು ಕಾರು ತಗೊಳ್ಳಾಕ ಬಂದೀರೋ, ಹೋರಿ ತಗೊಳ್ಳಾಕ ಬಂದೀರೋ?"

"ಎರಡಕ್ಕೂ ರೊಕ್ಕ ನಮ್ಮದ ಹೋಗತೈತಿ. ತಣ್ಣಗಾಗಲಿ, ಕುಂದರತೇವಿ."

ಬೇವಿನ ಮರದ ಕೆಳಗೆ ಕಂಬಳಿ ಹಾಸಿದೆ. ತಾಯಿ ಮಗ ಬುತ್ತಿ ಬಿಚ್ಚಿದರು. ನಾವಿಬ್ಬರೂ ದೂರ ಬಾವಿಯ ಕಟ್ಟೆಯ ಆಚೆ ಕೂತು ರೊಟ್ಟಿ ಮುರಿದೆವು. ನಮ್ಮವರು ಕಾರಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಬರುವಾಗಲೇ ಅದರ ಕೆಳಗೆ ತಲೆ ಹಾಕಿ ಬಂದಿದ್ದರು.

"ಹೆಂಗೈತ್ರಿ?" ಎಂದೆ.

"ಟಾಯರ ಚಲೋ ಅದಾವ. ತಗಡ ಗಟ್ಟಿ ಐತಿ. ಒಳಗಿಂದು ತಣ್ಣಗಾದ ಮ್ಯಾಲ ಗೊತ್ತಾಕ್ಕೈತಿ."

"ಸಣ್ಣ ಪುಟ್ಟದ್ದು ಏನರ ಕಂಡ್ರ ಕಣ್ಣ ಮುಚ್ಚಗೋರಿ."

"ಸಣ್ಣ ಪುಟ್ಟದ್ದಾದ್ರ ಮುಚ್ಚಗೋತೀನಿ."

"ದೊಡ್ಡದಾದ್ರ?"

ಅವರು ರೊಟ್ಟಿಯ ತುಂಡನ್ನು ಚಟ್ನಿಗೆ ಒತ್ತಿ ಒತ್ತಿ ಪುಡಿ ಮಾಡಿದರು, ತಿನ್ನಲಿಲ್ಲ.

"ಲಗಮಪ್ಪ ಭಾವನ ಮಗಳು ಏನಂದಳು, ನೆಪ್ಪ ಐತಿ ಅಲ್ಲರಿ?"

"ನೆಪ್ಪ ಐತಿ, ಸಾತವ್ವಾ."

ತಗಡು ತಣ್ಣಗಾಯಿತೆಂದು ಯಮನವ್ವ ಕೈಯಿಟ್ಟು ನೋಡಿ ಹೇಳಿದ ಮೇಲೆ ನಮ್ಮವರು ಒಳಗೆ ಕೂತು ಗುಂಡಿ ಒತ್ತಿದರು. ಕಾರು ಮುದುಕನಂತೆ ಕೆಮ್ಮಿ, ನಿಂತು, ಮತ್ತೆ ಕೆಮ್ಮಿ, ಎದ್ದಿತು. ಎದ್ದ ಮೇಲೆ ಸದ್ದು ಚೆನ್ನಾಗಿತ್ತು, ಬೆಕ್ಕು ಮೈ ಸವರಿಸಿಕೊಂಡಾಗ ಮಾಡುವಂಥ ಸದ್ದು. ನಮ್ಮವರು ಇಳಿದು ಹಿಂದಕ್ಕೆ ಹೋಗಿ ಹೊಗೆ ಕೊಳವೆಯ ಹತ್ತಿರ ಸ್ವಲ್ಪ ಹೊತ್ತು ನಿಂತರು. ನಾನು ಅವರ ಮುಖ ನೋಡಿದೆ. ಮದುವೆಯಾಗಿ ಅಷ್ಟು ವರ್ಷದಲ್ಲಿ ಆ ಮುಖ ಓದುವುದನ್ನು ಕಲಿತಿದ್ದೆ. ಅದು ನನಗೆ ಬೇಡವಾದ ಮುಖ.

"ಎದ್ದೈತಿ," ಎಂದರು ಯಮನವ್ವ ಸಮಾಧಾನದಿಂದ. "ಕೆಮ್ಮಿದ್ರೂ ತಾನ ಎದ್ದೈತಿ. ನಾನೂ ಹಂಗ ಏಳತೇನಿ. ಬಾಗಲಾ ತಗಿ, ಕುಂತು ನೋಡತೇನಿ."

ಹಿಂದಿನ ಬಾಗಿಲು ಮನೆಯ ಬಾಗಿಲಿನಂತೆ ಕಿರುಗುಟ್ಟದೆ, ಪೆಟ್ಟಿಗೆಯ ಮುಚ್ಚಳದಂತೆ ಮೆಲ್ಲಗೆ ತೆರೆಯಿತು. ಯಮನವ್ವ ಒಳಗೆ ಬಾಗಿ, ಕೂಡುವ ಮುಂಚೆ ಅಭ್ಯಾಸದಂತೆ ಸೀಟಿನ ಮೇಲೆ ಅಂಗೈ ಆಡಿಸಿದರು. ಕೆಂಪು ಕಂದು ಬಣ್ಣದ ಸೀಟು. ಕೈ ಅಲ್ಲೇ ನಿಂತಿತು. ಸೊಂಟ ನೋಯುವ ಹೆಂಗಸಿಗೆ ಆ ಮೆತ್ತನೆ ಎಂಥದು ಎಂಬುದು ಅವರ ಬೆರಳುಗಳಲ್ಲೇ ಕಾಣುತ್ತಿತ್ತು.

ರಾಯಪ್ಪ ತನ್ನ ಹೊತ್ತು ಬಂತೆಂದು ತಿಳಿದ. "ಆಡಸ್ರಿ ಅವ್ವಾರ, ಕೈ ಚಲೋತಂಗ ಆಡಸ್ರಿ! ಇದು ಅರಿವಿ ಅಲ್ಲ, ರೆಕ್ಸಿನ್ ಅಲ್ಲ. ಅಸಲ ತೊಗಲ! ಅದೂ ಎಂಥಾದ್ದಂತೀರಿ, ವಿಲಾಯತಿ ಆಕಳದು! ಬೆಣ್ಣಿ ಇದ್ದಂಗ ಐತಿ ನೋಡ್ರಿ. ಸಾಹೇಬ್ರು ಇದರ ಸಂಬಂಧನ ಹೆಚ್ಚಿನ ರೊಕ್ಕ ಕೊಟ್ಟಿದ್ರು."

ಕಾದ ಹಂಚಿನಿಂದ ತೆಗೆದಂತೆ ಯಮನವ್ವ ಕೈ ತೆಗೆದರು. ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಳ್ಳಲು ಹೋದ ಅದೇ ಕೈ ಅರ್ಧಕ್ಕೇ ನಿಂತಿತು. ಎಡಗೈಯಿಂದ ಮುಟ್ಟಿಕೊಂಡರು.

"ಆಕಳದಾ?"

"ಹೂಂನ್ರಿ, ಒಂದಲ್ಲ, ಮೂರ್ನಾಕ ಆಕಳದ್ದು ಕೂಡಿಸಿ..."

"ಏ ರಾಯಪ್ಪಾ, ಸಾಕ ನಿಲ್ಲಸೋ ಮಾರಾಯಾ!" ಎಂದರು ವೀರಪ್ಪ ಸಾವುಕಾರರು.

ರಾಯಪ್ಪನಿಗೆ ತಾನು ಕೆಡಿಸಿದ್ದೇನು ಎಂಬುದು ತಿಳಿಯಲಿಲ್ಲ. ಹತ್ತು ವರ್ಷ ಸಾಹೇಬನ ಮನೆಯಲ್ಲಿದ್ದು ಅವನಿಗೆ ಅದೇ ಹೆಮ್ಮೆಯಾಗಿತ್ತು. "ಬೆಳಗಾವಿಂದ ಬಂದಾವ್ರೂ ಇದನ್ನ ನೋಡೇ ಖುಷಿ ಪಟ್ರು," ಎಂದು ಗೊಣಗಿದ.

"ವೀರಪ್ಪಾ, ನಡಿ. ಬಸ್ಸಿನ ಹೊತ್ತಾತು," ಎಂದರು ಯಮನವ್ವ.

"ಯವ್ವಾ, ಸೀಟಿಂದು ತಗಿಸಿ ಬ್ಯಾರೆ ಅರಿವಿ ಹಾಕಸೂಣು."

"ಹಾಕಸೂತನಾ ಮನಿ ಮಟಾ ಯಾತರ ಮ್ಯಾಲ ಕುಂತು ಹೋಗತಿ? ಅದನ್ನ ತಗದ ಮ್ಯಾಲ ಇದರಾಗ ಉಳಿಯೂದೇನು? ಅದಕ್ಕ ಕೊಟ್ಟ ರೊಕ್ಕಾ ಯಾತಕ್ಕ ಕೊಟ್ಟಂಗಾತು? ನಡಿ ಅಂದ್ನಿ."

ಕೋಲು ತಿರುಗಿತು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ, ಮಡಚಿದ ಕಂಬಳಿ ತೋಳ ಮೇಲಿತ್ತು. ಆ ಕೋಲಿನ ಹಿಂದೆ ಹೊರಟರೆ ಬಸ್ಸು, ಬಸ್ಸಿನ ಹಿಂದೆ ನಮ್ಮ ಮನೆ, ಮನೆಯಿಂದ ನಮ್ಮವರ ಗಂಟು ಮುಂಬಯಿಗೆ ಎಂಬುದು ನನಗೆ ಕಣ್ಣಿಗೆ ಕಟ್ಟಿದಂತಾಯಿತು. ಯೋಚನೆ ಮಾಡಿದ್ದರೆ ಬಾಯಿ ತೆರೆಯುತ್ತಿರಲಿಲ್ಲ.

"ಅವ್ವಾರ," ಎಂದೆ. "ಈ ಕಂಬಳಿ ನನ್ನ ಕೈಯಾಗಿಂದ ತಗೊಂಡ ಕೂಡತೀರಿ. ಸತ್ತ ಆಕಳ ತೊಗಲ ನನಗಿಂತ ಕೀಳ ಏನ್ರಿ?"

"ಏ ಸಾತವ್ವಾ!" ಎಂದರು ಸಾವುಕಾರರು. ನಮ್ಮವರು ನೆಲ ನೋಡಿದರು. ರಾಯಪ್ಪ ಕೋಟಿನ ಗುಂಡಿ ಹಾಕಿಕೊಂಡ, ಬಿಚ್ಚಿದ.

ಯಮನವ್ವ ತಿರುಗಿ ನನ್ನನ್ನು ನೋಡಿದರು. ಅಷ್ಟು ವರ್ಷ ಅವರ ಕೊಟ್ಟಿಗೆಯಲ್ಲಿ ಓಡಾಡಿದ್ದೆ, ಅವರು ಹಾಗೆ ನಿಂತು ನನ್ನನ್ನು ನೋಡಿದ್ದಿಲ್ಲ. ಸಿಟ್ಟಿತ್ತೋ ಇಲ್ಲವೋ ಹೇಳಲಾರೆ. ಸಂತೆಯಲ್ಲಿ ಸುಳಿ ನೋಡುವ ಕಣ್ಣು ಅದು.

"ನಾಲಗಿ ಭಾಳ ಉದ್ದ ಆಗೇತಿ ನಿಂದು," ಎಂದರು.

ಕೋಲಿನ ತುದಿಯಿಂದ ಸೀಟು ತೋರಿಸಿದರು.

"ಹಾಸು ಮತ್ತ. ಯಾಕ ನಿಂತಿ?"

ಹಾಸಿದೆ. ಮೂಲೆ ಮೂಲೆಗೂ ಒತ್ತಿ, ತೊಗಲಿನ ಒಂದು ಅಂಚೂ ಹೊರಗೆ ಕಾಣದಂತೆ ಹಾಸಿದೆ. ಹಾಸುವಾಗ ಮೊಣಕೈ ಆ ಮೆತ್ತನೆಯದರಲ್ಲಿ ಇಳಿಯಿತು. ಯಮನವ್ವ ಸೊಂಟ ಹಿಡಿದು ನಿಧಾನಕ್ಕೆ ಕೂತರು, ಮಗ ಪಕ್ಕದಲ್ಲಿ ಕೂತರು. ನಮ್ಮವರು ಕಾರನ್ನು ಬಂಗಲೆಯ ಗೇಟು ದಾಟಿ ರಸ್ತೆಗೆ ಇಳಿಸಿದರು.

ನಾನೂ ರಾಯಪ್ಪನೂ ಗೇಟಿನ ಬಳಿ ನಿಂತೆವು. ಕಾರು ಏರು ಹತ್ತುವಾಗ ಅದರ ಹಿಂದೆ ನೀಲಿ ಹೊಗೆಯ ಒಂದು ಪಟ್ಟಿ ಉಳಿಯಿತು. ಗಾಳಿ ಇರಲಿಲ್ಲ. ಅದು ರಸ್ತೆಯ ಮೇಲೆ ಹಾಗೇ ನಿಂತುಕೊಂಡಿತು. ರಾಯಪ್ಪ ಹೊಗೆಯನ್ನು ನೋಡಿ, ನನ್ನನ್ನು ನೋಡಿದ.

"ಚಳಿ ಐತೆಲ್ಲ, ಅದಕ್ಕ," ಎಂದ.

ನಡುಹಗಲಿನ ಬಿಸಿಲಿಗೆ ಅವನ ಹಣೆಯ ಮೇಲೆ ಬೆವರು ಇಳಿಯುತ್ತಿತ್ತು. ನಮ್ಮವರು ಹೊಗೆ ಕೊಳವೆಯ ಹತ್ತಿರ ಯಾಕೆ ನಿಂತಿದ್ದರು ಎಂಬುದು ಆಗ ನನಗೆ ಹೊಳೆಯಿತು.

ತಿರುಗಿ ಬಂದಾಗ ಯಮನವ್ವನವರ ಮುಖ ಬೇರೆಯೇ ಆಗಿತ್ತು. "ಕಲ್ಲ ಹತ್ತಿದ್ದು ಇಳದದ್ದು ಗೊತ್ತಾಗಲಿಲ್ಲ ನೋಡಪಾ," ಎನ್ನುತ್ತಿದ್ದರು. "ನಾಳಿ ದಡ್ಡಿಗೆ ಹೋಗಿ ಬರೂಣು. ಕಾಶೆವ್ವನ್ನ ನೋಡಿ ಎಷ್ಟ ದಿನ ಆತು!" ಸಾವುಕಾರರೂ ನಗುತ್ತಿದ್ದರು. ಕಾರು ಅವರದೇ ಆಗಿಹೋದಂತಿತ್ತು. ನಾನು ನಮ್ಮವರ ಕಣ್ಣು ಹಿಡಿಯಲು ನೋಡಿದೆ. ಬೇಡ, ಎಂದು ತಲೆಯನ್ನು ಕೂದಲೆಳೆಯಷ್ಟು ಅಲ್ಲಾಡಿಸಿದೆ. ಅವರು ನೋಡಿದರು. ನೋಡಿಯೂ ಸಾವುಕಾರರ ಕಡೆ ತಿರುಗಿದರು.

"ಏನಂತಿ ಉದ್ದಪ್ಪಾ?" ಎಂದರು ಸಾವುಕಾರರು. ತಾಯಿ ಬೇಡವೆಂದ ಪ್ರಶ್ನೆಯನ್ನು ಖುಷಿಯಲ್ಲಿ ಕೇಳಿಯೇಬಿಟ್ಟರು.

"ಧಣ್ಯಾರ, ಇದು ನೀಲಿ ಹೊಗಿ ಬಿಡತೈತಿ. ಕರಿ ಹೊಗಿ ಆಗಿದ್ರ ಚಿಂತಿ ಇರಲಿಲ್ಲ. ನೀಲಿ ಅಂದ್ರ ಇಂಜಿನ್ ಎಣ್ಣಿ ಸುಡಾಕತ್ತೈತಿ, ಒಳಗಿನ ರಿಂಗ ಸವದಾವ. ಐತವಾರಕ್ಕೊಮ್ಮಿ ಓಡಿದ ಗಾಡಿ ಅಲ್ಲ ಇದು. ಬಿಚ್ಚಬೇಕಂದ್ರ ಸಾಮಾನು ವಿಲಾಯತಿಂದ ಬರಬೇಕು, ಈಗ ಬರೂದೂ ಕಷ್ಟ."

ನಾನು ಗೇಟಿನ ಕಂಬ ಹಿಡಿದುಕೊಂಡೆ. ನನ್ನ ನಾಲಗೆಯಿಂದ ನಿಂತದ್ದನ್ನು ಅವರ ನಾಲಗೆ ಕೆಡವಿತು ಎನಿಸಿತು. ಸಾವುಕಾರರ ನಗು ಆರಿತು. ರಾಯಪ್ಪ, "ಏನ ತಮ್ಮಾ, ನಿನ್ನ ಕೂಳು ನೀನ ಒದಿತಿ?" ಎಂದ. ಆ ಮಾತು ನನ್ನ ಬಾಯಲ್ಲೇ ಇತ್ತು.

ಯಮನವ್ವ ಕಾರಿನಿಂದ ಇಳಿದಿರಲಿಲ್ಲ. ತೆರೆದ ಬಾಗಿಲಿನಿಂದ ಕೋಲು ಹೊರಗೆ ಚಾಚಿ ನಮ್ಮವರನ್ನು ಕರೆದರು.

"ಇದನ್ನ ತಗೊಳ್ಳದಿದ್ರ ನೀ ಮುಂಬೈಗೆ ಹೋಗಾಂವಲ್ಲ?"

"ಹೂಂನ್ರಿ ಅವ್ವಾರ."

"ಗೊತ್ತಿದ್ದೂ ಹೇಳಿದಿ?"

"ನಾಳಿ ನಡುದಾರ್ಯಾಗ ನಿಂತ್ರ ತಳ್ಳಾಂವ ನಾನಲ್ಲೇನ್ರಿ? ಹೊಗಿ ಕಂಡಾಗ ನೀವು ಕೇಳೂದು ನನ್ನನ್ನ. ಆವಾಗ ಏನ ಹೇಳ್ಲಿ?"

"ಎಷ್ಟ ದಿನ ನಡದೀತು ಇದು?"

ನಮ್ಮವರು ಕಾರನ್ನು ಮೂತಿಯಿಂದ ಬಾಲದವರೆಗೆ ಮತ್ತೊಮ್ಮೆ ನೋಡಿದರು. ಮೊದಲ ಬಾರಿಗೆ ಅವರ ದನಿಯಲ್ಲಿ ಆಸೆ ಕೇಳಿಸಿತು. "ಎಣ್ಣಿ ಹಾಕ್ಕೋತ, ಏರಿನಾಗ ಜೋರ ಮಾಡದ, ಹದದಾಗ ಹೊಡದ್ರ ನಾಕೈದ ವರ್ಷ ನಡಸ್ತೇನ್ರಿ. ಹೊಸದು ಮಾಡ್ತೇನಿ ಅಂತ ಮಾತ್ರ ಹೇಳಂಗಿಲ್ಲ."

ಯಮನವ್ವ ತಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡರು. ಬೇವಿನ ಮರದಲ್ಲಿ ಕಾಗೆಯೊಂದು ಕೊಂಬೆ ಬದಲಿಸಿತು.

"ನಂದೂ ಅಷ್ಟ ನಡದ್ರ ಸಾಕು," ಎಂದರು. "ವೀರಪ್ಪಾ, ಊನ ಗೊತ್ತಿದ್ದ ಎತ್ತು ಬೇಕಂತ ನಿಮ್ಮಪ್ಪ ಅಂತಿದ್ದ. ಗೊತ್ತಾಗೇತಿ. ಇನ್ನ ರಾಯಪ್ಪನ ಕೂಡ ಮಾತಾಡು. ಹೊಗಿ ಬಿಡೂ ಎತ್ತಿಗೆ ಹೊಗಿ ಬಿಡೂ ಎತ್ತಿನ ರೇಟ."

ಸಾವುಕಾರರು ಹೆಗಲ ಟಾವೆಲ್ಲು ತೆಗೆದು ಕೈಮೇಲೆ ಹಾಕಿದರು. ರಾಯಪ್ಪ ಕೋಟಿನ ತೋಳು ಏರಿಸಿ ತನ್ನ ಕೈಯನ್ನೂ ಅದರ ಕೆಳಗೆ ತೂರಿಸಿದ. ಸಾಹೇಬನ ಮನೆಯಲ್ಲಿ ಎಷ್ಟು ವರ್ಷ ಇದ್ದರೂ ಬೆರಳು ಹಿಡಿದೇ ಬೆಲೆ ಹೇಳುವ ಸಂತೆಯ ರೂಢಿ ಮರೆತಿರಲಿಲ್ಲ. ಟಾವೆಲ್ಲಿನ ಕೆಳಗೆ ಬೆರಳು ಬೆರಳನ್ನು ಹಿಡಿದವು, ಬಿಟ್ಟವು. ರಾಯಪ್ಪ ಒಮ್ಮೆ "ಸಾಧ್ಯಿಲ್ಲ ಬಿಡ್ರಿ" ಎಂದು ಕೈ ಕಿತ್ತುಕೊಂಡ, ತಾನೇ ಮತ್ತೆ ತೂರಿಸಿದ. ಯಾವ ಬೆಲೆಗೆ ಕುದುರಿತೋ ಅವರಿಬ್ಬರಿಗೇ ಗೊತ್ತು.

"ಸಂಚಕಾರದ ಮುಂಗಡ ಈಗ ಕೊಡತೇವಿ," ಎಂದರು ಯಮನವ್ವ. "ಉಳಿದದ್ದು, ಇದು ನಮ್ಮ ದನದ ಮನ್ಯಾಗ ನಿಂತು, ಮುಂಜಾನೆ ಎದ್ದು ತೋರಿಸಿದ ಮ್ಯಾಲ."

"ಹುಲ್ಲ ಮಾತ್ರ ಹಾಕಬ್ಯಾಡ್ರಿ ಅವ್ವಾರ," ಎಂದ ರಾಯಪ್ಪ. ಹೊರಡುವಾಗ ತನ್ನ ಕೋಟಿನ ತೋಳಿನಿಂದ ಕಾರಿನ ಮೂತಿಯನ್ನು ಇನ್ನೊಂದು ಸಲ ಒರಸಿದ. ಒರಸಿ ಕೈ ತೆಗೆಯಲಿಕ್ಕೆ ಅವನಿಗೂ ಹೊತ್ತು ಹಿಡಿಯಿತು.

ನಾನು ಬಸ್ಸಿನ ಕಡೆ ಹೆಜ್ಜೆ ಹಾಕಿದ್ದೆ.

"ಏ ಹುಡುಗಿ, ಎತ್ತಾಗ ಹೊಂಟಿ?" ಎಂದರು ಯಮನವ್ವ. "ಇಳಿದಲ್ಲೆ ಕಂಬಳಿ ಹೊರಾಕ ಯಾರ ಬರತಾರ? ಮುಂದ ಕುಂದರು."

ಕಂಬಳಿ ಒಂದೇ ಇತ್ತು. ಅದು ಹಿಂದಿನ ಸೀಟಿಗೇ ಮುಗಿದಿತ್ತು. ಮುಂದಿನ ಸೀಟಿನಲ್ಲಿ, ಬರಿಯ ತೊಗಲಿನ ಮೇಲೆ, ನಮ್ಮವರ ಪಕ್ಕ ನಾನು ಕೂತೆ. ಮೊದಲು ತಣ್ಣಗಿತ್ತು. ಆಮೇಲೆ ಮೈಯ ಕಾವು ತೆಗೆದುಕೊಂಡು, ಕೂತವಳ ಆಕಾರಕ್ಕೆ ತಾನೇ ಒಗ್ಗಿತು. ಸಾಹೇಬನ ಹೆಂಡತಿ ಇಲ್ಲಿಯೇ ಕೂತಿದ್ದಳೇನೋ. ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ನಾನು ನಮ್ಮವರ ಕೂಡ ಮಾತಾಡಲಿಲ್ಲ. ನನಗೆ ಇನ್ನೂ ಅವರ ಮೇಲೆ ಸಿಟ್ಟಿತ್ತು. ಗೆದ್ದಿದ್ದೇವೆಂಬುದು ಗೊತ್ತಿದ್ದೂ ಇತ್ತು. ಅವರು ಅಷ್ಟು ದೊಡ್ಡ ಜೂಜಾಡುವಾಗ ನನ್ನ ತಲೆಯಾಡಿಸಿದ್ದನ್ನು ನೋಡಿಯೂ ಆಡಿದ್ದರು. ಅದು ಜೂಜಲ್ಲ, ಅವರಿಗೆ ಬೇರೆ ರೀತಿ ಮಾತಾಡಲು ಬರುತ್ತಲೇ ಇರಲಿಲ್ಲ ಎಂಬುದು ಅರ್ಥವಾಗಲು ನನಗೆ ಹುಕ್ಕೇರಿಯವರೆಗಿನ ದಾರಿ ಬೇಕಾಯಿತು.

ಹುಕ್ಕೇರಿ ದಾಟಿದ ಮೇಲೆ ಹಿಂದಿನಿಂದ ದನಿ ಬಂತು.

"ಸಾತವ್ವಾ."

"ಏನ್ರಿ ಅವ್ವಾರ?"

"ಹೆಂಗ ಐತಿ ಅದು, ಕೂಡಾಕ?"

ಏನು ಹೇಳಬೇಕೆಂದು ನಮ್ಮವರ ಕಡೆ ನೋಡಿದೆ. ಅವರು ರಸ್ತೆ ನೋಡುತ್ತಿದ್ದರು. ಆದರೆ ಮೀಸೆಯ ಕೆಳಗೆ ನಗು ಇತ್ತು.

"ಮೆತ್ತಗ ಐತ್ರಿ," ಎಂದೆ. ಸುಳ್ಳು ಹೇಳಲು ಆ ದಿನ ನನಗೂ ಬರಲಿಲ್ಲ.

ಯಮನವ್ವ ಈ ಕಡೆ ಸರಿದು, ಆ ಕಡೆ ಸರಿದು, ಕೊನೆಗೆ ತಡೆಯಲಾರದೆ ಹೇಳಿದರು:

"ಈ ಕಂಬಳಿ ಭಾಳ ಚುಚ್ಚತೈತಿ."

ಕಂಬಳಿ ತೆಗೆಯೆಂದರೆ ನಿಲ್ಲಿಸಲು ಅನುವಾಗಲೆಂದು ನಮ್ಮವರು ಕಾರನ್ನು ನಿಧಾನ ಮಾಡಿದರು. ಹಿಂದೆ ನೀಲಿ ಹೊಗೆ ಸಣ್ಣಗಾಯಿತು.